ನೆಲ ಇಟಗೊಂಡು ಬಕೀಟನ್ಯಾಗ್ಯಾಕ?

ಆರು ವರ್ಷದ ಹಿಂದೆ ಅವ್ವ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. 2019ರ ಬೇಸಿಗೆಯಲ್ಲಿ ಅಪ್ಪ, ಅವ್ವ ಇಬ್ಬರೂ ಓಹಾಯೋಗೆ ಬಂದಿದ್ದರು. ಕೊಲಂಬಸ್‌ನಲ್ಲಿ ನಾವು ಬಾಡಿಗೆಗೆ ಇರುವ ಮನೆಯ ಹಿಂದೆ ಸಣ್ಣದೊಂದು ಹಿತ್ತಲು ಇದೆ. ಬಂದ ಮರುದಿನ ಬೆಳಿಗ್ಗೆ ಅವ್ವ ಚಾ ಕಪ್ಪು ಹಿಡಿದುಕೊಂಡು ಅಲ್ಲಿಗೆ ಹೋದಳು. ಸಾಲಾಗಿ ಹದಿನಾಲ್ಕು ಬಕೆಟ್ ಇದ್ದವು. ಪುಂಡಿಪಲ್ಯ, ಮೆಂತೆ, ರಾಜಗಿರಿ, ಮೆಣಸಿನಕಾಯಿ, ಬದನೆ, ಒಂದು ಕರಿಬೇವು. ಬಕೆಟ್‌ಗಳ ಪಕ್ಕದಲ್ಲೇ ಖಾಲಿ ನೆಲ. ಅವ್ವ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಛಲೋ ನೆಲ ಇಟಗೊಂಡು ಎಲ್ಲಾ ಬಕೀಟನ್ಯಾಗ್ಯಾಕ ಹಚ್ಚೀ?" ಅಂದಳು.

"ನಾಳೆ ಮನಿ ಬಿಡೂದು ಬಂದ್ರ ಒಯ್ಯಾಕ ಬರತೈತಿ ಅವ್ವಾ" ಅಂದೆ.

"ಎಲ್ಲಿಗೆ?" ಅಂದಳು.

ನನಗೆ ಉತ್ತರ ತಿಳಿಯಲಿಲ್ಲ. ಇನ್ನೊಂದು ಬಾಡಿಗೆ ಮನೆಗೋ, ಇನ್ನೊಂದು ರಾಜ್ಯಕ್ಕೋ, ಊರಿಗೋ? ಊರಿಗೇ ಬರುವುದಾದರೆ ಈ ಬಕೆಟ್‌ಗಳನ್ನು ವಿಮಾನದಲ್ಲಿ ತರಲು ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೂ ನಾಲ್ಕು ವರ್ಷದಿಂದ ಬೀಜ ತಂದಾಗಲೆಲ್ಲ ಕೈ ತಾನಾಗಿಯೇ ಬಕೆಟ್ ಕಡೆ ಹೋಗುತ್ತಿತ್ತು. ಯಾಕೆ ಅಂತ ಒಂದು ಸಲವೂ ಯೋಚನೆ ಮಾಡಿರಲಿಲ್ಲ.

ಇದನ್ನು ಬರೆಯುತ್ತಿರುವುದು ಬಾಗಲಕೋಟೆಯ ನವನಗರದಲ್ಲಿ, ಅಪ್ಪನ ಮನೆಯ ಮಾಳಿಗೆ ಮೇಲೆ ಕೂತು. 2025ರ ಮೇ ತಿಂಗಳು. ಮೂರು ವಾರದ ರಜೆಗೆ ಒಬ್ಬಳೇ ಬಂದಿದ್ದೇನೆ. ಕಿರಾಣಿ ಅಂಗಡಿಗೆ ಹೋದರೂ, ಲಗ್ನಕ್ಕೆ ಹೋದರೂ ಒಂದೇ ಪ್ರಶ್ನೆ: "ಅದು ಬಂತೇನವಾ?" ಅದು ಅಂದರೆ ಅಮೆರಿಕದಲ್ಲಿ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡ್, ಯಾರೂ ಹೆಸರು ಹೇಳುವುದಿಲ್ಲ. ಇನ್ನೂ ಇಲ್ರಿ ಅಂದರೆ ಬೆಂಗಳೂರಿನ ಸಂಬಂಧಿಕರು ಅಯ್ಯೋ ಅಂತಾರೆ, ಇಷ್ಟು ವರ್ಷ ಆದ್ರೂನಾ ಅಂತಾರೆ. ನಮ್ಮ ಊರಿನ ವಯಸ್ಸಾದವರು ಹಾಗೆ ಅನ್ನುವುದಿಲ್ಲ. ಸುಮ್ನೆ ತಲೆ ಆಡಿಸಿ, "ಆಗತೈತಿ ಬಿಡು, ನಮ್ಮದೂ ಹಂಗ ಆತಲ್ಲ" ಅಂತಾರೆ. ನಮ್ಮದು ಅಂದರೆ ಮುಳುಗಡೆ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಮನೆಗಳು ಹೋದದ್ದು. ಈ ಸಲ ಅದನ್ನು ಮೂರ್ನಾಲ್ಕು ಜನರ ಬಾಯಲ್ಲಿ ಕೇಳಿದ ಮೇಲೆ ಅವ್ವನ ಪ್ರಶ್ನೆಯನ್ನು ಕೂತು ಯೋಚನೆ ಮಾಡಬೇಕು ಅನ್ನಿಸಿತು.

ಗೋಡೆ ಮೇಲಿನ ನಂಬರು

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಗ ಅಪ್ಪನಿಗೆ ಹದಿನಾಲ್ಕು ವರ್ಷ. ಅಣೆಕಟ್ಟಿನಲ್ಲಿ 519.60 ಮೀಟರ್ ತನಕ ನೀರು ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2000ರ ಏಪ್ರಿಲ್‌ನಲ್ಲಿ. ಆಗ ಅಪ್ಪನಿಗೆ ಐವತ್ತು. ಮಧ್ಯದ 36 ವರ್ಷ ನಮ್ಮ ಮನೆಯವರು "ಇನ್ನೇನು ನೀರು ಬರತೈತಿ" ಅನ್ನುವ ಮಾತಿನ ಕೆಳಗೇ ಬದುಕಿದರು. ಅಜ್ಜ ಕಿಲ್ಲಾ ಓಣಿಯ ಆ ಮನೆಯಲ್ಲೇ ತೀರಿಕೊಂಡ. ಅಪ್ಪ ಅಲ್ಲೇ ಲಗ್ನ ಆದರು. ನಾನು, ನನ್ನ ತಮ್ಮ ಅಲ್ಲೇ ಹುಟ್ಟಿದೆವು. ನೀರು ಮಾತ್ರ ಬಂದಿರಲಿಲ್ಲ.

ಬಾಗಲಕೋಟೆಯಲ್ಲಿ ಆಗ ಮನೆಗಳನ್ನು ಮೀಟರಿನಲ್ಲಿ ಅಳೆಯುತ್ತಿದ್ದರು. ಉದ್ದ ಅಗಲ ಅಲ್ಲ, ಎತ್ತರ. ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿ ನಿಮ್ಮ ಹೊಸ್ತಿಲು ಇದೆ ಅನ್ನುವುದು. "ನಿಮ್ಮದು ಎಷ್ಟು ಮೀಟರಿಗೆ ಬರತೈತಿ?" ಅಂತ ಹೆಣ್ಣು ನೋಡಲು ಬಂದವರೂ ಕೇಳುತ್ತಿದ್ದರು. ಕಡಿಮೆ ಮೀಟರಿನವರು ಮೊದಲು ಮುಳುಗುತ್ತಾರೆ, ಅವರಿಗೆ ಪರಿಹಾರವೂ ಮೊದಲು. ಎತ್ತರದಲ್ಲಿದ್ದವರದು ಇನ್ನೊಂದು ಕಷ್ಟ. ಮುಳುಗುವುದೂ ಇಲ್ಲ, ಉಳಿಯುತ್ತದೆ ಅನ್ನುವ ಧೈರ್ಯವೂ ಇಲ್ಲ. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಮಾತು ಇವತ್ತಿಗೂ ಮುಗಿದಿಲ್ಲ. ಹಾಗಾಗಿ ಹಳೇ ಊರಿನ ಎಷ್ಟೋ ಮನೆಗಳಲ್ಲಿ ಈ ಕಾಯುವುದು ಈಗಲೂ ನಡೆದೇ ಇದೆ.

ಅಪ್ಪ ಆ ಮನೆಗೆ ಏನನ್ನೂ ಮಾಡಿಸುತ್ತಿರಲಿಲ್ಲ. ನಮ್ಮದು ಮಣ್ಣಿನ ಮಾಳಿಗೆ. ಮಳೆಗಾಲದಲ್ಲಿ ಸೋರಿದರೆ ಮೇಲೆ ಒಂದಿಷ್ಟು ಮಣ್ಣು ಹಾಕಿಸಿ ಸುಮ್ಮನಾಗುತ್ತಿದ್ದರು. ಕಿಟಕಿ ಚೌಕಟ್ಟಿಗೆ ಹುಳ ಬಿದ್ದಿತ್ತು, ಹಾಗೇ ಬಿಟ್ಟರು. ಬಚ್ಚಲಕ್ಕೆ ಫರಸಿ ಹಾಕಿಸಿ ಅಂತ ಅವ್ವ ವರ್ಷಗಟ್ಟಲೆ ಕೇಳಿದಳು. "ನೀರಾಗ ಹೋಗೂ ಮನಿಗೆ ಯಾಕ ರೊಕ್ಕ ಹಾಕೂದು" ಅನ್ನುತ್ತಿದ್ದರು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಇದ್ದ ರೊಕ್ಕ ಹೊಸ ಮನೆಗೆ ಬೇಕಾಗಿತ್ತು. ಪರಿಹಾರ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ವೆಯವರು ಬಂದರು. ಬಾಗಿಲ ಪಕ್ಕದ ಗೋಡೆ ಮೇಲೆ ಬಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಬಣ್ಣ ಜಾಸ್ತಿ ಆಗಿ ಕೊನೆಯ ಅಂಕಿಯಿಂದ ಕೆಳಗೆ ಒಂದು ಗೆರೆ ಇಳಿದಿತ್ತು. ಅದನ್ನು ನೋಡಿಕೊಂಡು ಅಪ್ಪ ಬಹಳ ಹೊತ್ತು ಕಟ್ಟೆ ಮೇಲೆ ಕೂತಿದ್ದರು. ಅದೇ ವಾರ ಅವ್ವ ಸಂತೆಯಿಂದ ಒಂದು ಕರಿಬೇವಿನ ಸಸಿ ತಂದಳು. ಗೇಣುದ್ದ ಇತ್ತು, ಹರಿದ ಗೋಣಿ ತುಂಡಿನಲ್ಲಿ ಬೇರು ಸುತ್ತಿದ್ದರು. ಬಚ್ಚಲ ನೀರು ಹರಿದುಹೋಗುವ ಕಡೆ ಕಬ್ಬಿಣದ ಸಲಾಕೆಯಿಂದ ಗುಂಡಿ ತೋಡಿದಳು. ನೆಲ ಗಟ್ಟಿ ಇತ್ತು. ಸಲಾಕೆ ಕಲ್ಲಿಗೆ ಬಡಿದ ಸದ್ದಿಗೆ ಅಪ್ಪ ಎದ್ದು ಬಂದರು.

"ನೀರು ಬರಾಕತ್ತೈತಿ, ನೀ ಗಿಡ ಹಚ್ಚಾಕತ್ತಿ" ಅಂದರು. ಸಿಟ್ಟಿನಿಂದ ಅಲ್ಲ, ದಣಿದ ದನಿಯಲ್ಲಿ.

"ನೀರು ಬಂದಾಗ ನೋಡೂಣಂತ. ಒಗ್ಗರಣಿಗೆ ಕರಿಬೇವು ಇವತ್ತ ಬೇಕಲ್ಲ" ಅಂದಳು ಅವ್ವ. ತಲೆ ಎತ್ತಲಿಲ್ಲ, ಗುಂಡಿ ತೋಡುತ್ತಲೇ ಇದ್ದಳು.

ಆ ಗಿಡ ಆರು ವರ್ಷ ಇತ್ತು. ಮಾಳಿಗೆ ಎತ್ತರಕ್ಕೆ ಬೆಳೆಯಿತು. ಓಣಿಯ ಹೆಣ್ಣುಮಕ್ಕಳು ಹೊತ್ತಲ್ಲದ ಹೊತ್ತಿನಲ್ಲಿ "ಅಕ್ಕಾ, ನಾಕು ಎಸಳು" ಅಂತ ಬರುತ್ತಿದ್ದರು. 2002ರಲ್ಲಿ ಮನೆ ಬಿಟ್ಟಾಗ ಮರ ಅಲ್ಲೇ ಉಳಿಯಿತು. ಬೇರಿನಿಂದ ಎದ್ದ ಎರಡು ಮರಿಗಳನ್ನು ಅವ್ವ ಡಾಲ್ಡಾ ಡಬ್ಬಿಯಲ್ಲಿ ಮಣ್ಣಿನ ಸಮೇತ ತೆಗೆದುಕೊಂಡು, ಸಾಮಾನಿನ ಟ್ರ್ಯಾಕ್ಟರಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ನವನಗರಕ್ಕೆ ಬಂದಳು. ಒಂದು ಒಣಗಿತು. ಇನ್ನೊಂದು ಇಲ್ಲೇ, ಗೇಟಿನ ಪಕ್ಕ ಇದೆ. ಈಗ ನಾನು ಕೂತ ಮಾಳಿಗೆಯಿಂದ ಕೈ ಚಾಚಿದರೆ ಅದರ ತುದಿ ಸಿಗುತ್ತದೆ.

ಕೊಳ್ಳದೇ ಬಿಟ್ಟಿದ್ದು

ನಾನು ಅಮೆರಿಕಕ್ಕೆ ಹೋದದ್ದು 2011ರಲ್ಲಿ, ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ. ಮಗಳು ಅಲ್ಲೇ 2013ರಲ್ಲಿ ಹುಟ್ಟಿದಳು. ಹಾಗಾಗಿ ಅವಳು ಹುಟ್ಟಿದ ದಿನದಿಂದ ಅಲ್ಲಿನ ಪ್ರಜೆ. 2015ರ ಮಾರ್ಚ್‌ನಲ್ಲಿ ಕಂಪನಿಯವರು ಗ್ರೀನ್ ಕಾರ್ಡಿನ ಮೊದಲ ಅರ್ಜಿ ಹಾಕಿದರು. ಆ ದಿನವೇ ನನ್ನ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನನ್ನ ಜಾಗ. ಮುಂದಿನದು ಈ ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತಿರುವ ಕಥೆ. ಮೂರು ಮೂರು ವರ್ಷಕ್ಕೆ ವೀಸಾ ಮುಂದಕ್ಕೆ ಹಾಕಿಸಿಕೊಳ್ಳುವುದು. ಡ್ರೈವಿಂಗ್ ಲೈಸೆನ್ಸಿನ ಅವಧಿಯೂ ವೀಸಾ ಅವಧಿಯ ಜೊತೆಗೇ ಮುಗಿಯುವುದು. ಕೆಲಸ ಹೋದರೆ 60 ದಿನ, ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲಾ ಹೊರಡಬೇಕು.

ಇದು ಮನಸ್ಸಿನ ಮೇಲೆ ಏನು ಮಾಡುತ್ತದೆ ಅನ್ನುವುದು ನನಗೆ ಬಹಳ ದಿನ ಗೊತ್ತಾಗಿರಲಿಲ್ಲ. ದೊಡ್ಡ ದುಃಖ ಅಂತ ಏನೂ ಇರುವುದಿಲ್ಲ. ಒಳ್ಳೇ ಕೆಲಸ, ಒಳ್ಳೇ ಶಾಲೆ, ವಾರದ ಕೊನೆಗೆ ನಮ್ಮವರು ಸೇರಿ ಆಡುವ ಟೆನಿಸ್ ಬಾಲ್ ಕ್ರಿಕೆಟ್, ಎಲ್ಲಾ ಇದೆ. ಆದರೆ ಭಾರದ್ದು ಯಾವುದನ್ನೂ ಕೊಳ್ಳುವುದಿಲ್ಲ. ಮಗಳು ಪಿಯಾನೊ ಕಲಿಯುತ್ತೇನೆ ಅಂದಾಗ ಮಡಚಿ ಎತ್ತಿಡಬಹುದಾದ ಕೀಬೋರ್ಡ್ ತಂದೆವು. ಗೋಡೆಗೆ ಮೊಳೆ ಹೊಡೆಯದೆ ಅಂಟಿಸುವ ಕೊಕ್ಕೆ ತಂದೆವು. ಊಟದ ಮೇಜು ಇವತ್ತಿಗೂ ಕಾಲು ಮಡಚುವಂಥದ್ದು. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು, ಎಲ್ಲವೂ ಸರಿಯೇ ಅನ್ನಿಸುತ್ತಿತ್ತು. ಅವ್ವ ಬಕೆಟ್ ಬಗ್ಗೆ ಕೇಳಿದ ಮೇಲೆ ಒಂದು ದಿನ ಮನೆ ತುಂಬಾ ತಿರುಗಾಡಿ ನೋಡಿದೆ. ಅಪ್ಪನ ಫರಸಿ ಇಲ್ಲದ ಬಚ್ಚಲ ನೆನಪಾಯಿತು.

ಮಾರಬಾರದ ಪಲ್ಯ

ತೋಟದ ಹುಚ್ಚು ಹಿಡಿದಿದ್ದು ಪುಂಡಿಪಲ್ಯದಿಂದ. ಓಹಾಯೋದಲ್ಲಿ ಮೇ ಅರ್ಧಕ್ಕೆ ಇಬ್ಬನಿ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಅಕ್ಟೋಬರ್ ಅರ್ಧಕ್ಕೆ ಮತ್ತೆ ಶುರು. ಸಿಗುವುದು ಐದು ತಿಂಗಳು. ಆದರೆ ಬೇಸಿಗೆಯ ಹಗಲು ಎಷ್ಟು ಉದ್ದ ಅಂದರೆ, ಜುಲೈನಲ್ಲಿ ಪುಂಡಿ ನನ್ನ ಎದೆ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ಮೂರು ಜನರ ಮನೆಗೆ ಅದು ವಿಪರೀತ ಆಗುತ್ತದೆ. ವಾರದ ಸಂತೆಯಲ್ಲಿ ಇಟ್ಟು ಮಾರು, ನಮ್ಮ ದೇಶದವರೇ ಸಾಲು ಹಚ್ಚಿ ಕೊಳ್ಳುತ್ತಾರೆ ಅಂತ ಗೆಳತಿಯರು ಎಷ್ಟೋ ಸಲ ಹೇಳಿದರು. ಆದರೆ ಎಚ್-1ಬಿ ಮೇಲೆ ಇರುವವರು ಅರ್ಜಿ ಹಾಕಿದ ಕಂಪನಿಗೆ ಬಿಟ್ಟರೆ ಬೇರೆ ಕೆಲಸ ಮಾಡಿ ದುಡಿಯುವಂತಿಲ್ಲ. ನಾಲ್ಕು ಡಾಲರಿನ ಸೊಪ್ಪಿಗೆ ಹತ್ತು ವರ್ಷದ ಸಾಲನ್ನು ಪಣಕ್ಕೆ ಇಡಲು ನಾನು ತಯಾರಿಲ್ಲ. ಹಾಗಾಗಿ ನನ್ನ ಹವ್ಯಾಸ ಹವ್ಯಾಸವಾಗಿಯೇ ಉಳಿಯಬೇಕು. ಚಿತ್ರ ಬರೆಯುವವರಿಗೆ, ಕೇಕ್ ಮಾಡುವವರಿಗೆ, ಸಂಗೀತ ಹೇಳಿಕೊಡುವವರಿಗೆ, ಎಲ್ಲರಿಗೂ ಇದೇ ಕಷ್ಟ. ಕೈಯಲ್ಲಿ ವಿದ್ಯೆ ಇದೆ, ಬೆಲೆ ಹೇಳುವಂತಿಲ್ಲ.

ಅದಕ್ಕೇ ಕೊಡುತ್ತೇನೆ. ಕಟ್ಟು ಕಟ್ಟಿ ಕೊಡುತ್ತೇನೆ. ಹಾಗೆ ಕೊಡುತ್ತಾ ಪರಿಚಯ ಆದವರು ನಮ್ಮ ಬೀದಿಯ ಕೊನೆಯಲ್ಲಿ ಇರುವ ಒಬ್ಬ ನೇಪಾಳಿ ಅಜ್ಜಿ. ಕೊಲಂಬಸ್‌ನಲ್ಲಿ ಭೂತಾನದಿಂದ ಬಂದ ನೇಪಾಳಿ ಮಾತಿನ ಜನ ಬಹಳ ಇದ್ದಾರೆ. ಭೂತಾನದಿಂದ ಹೊರಬಿದ್ದು, ನೇಪಾಳದ ಝಾಪಾ ಕಡೆಯ ಶಿಬಿರಗಳಲ್ಲಿ ಇದ್ದು, ಆಮೇಲೆ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದವರು. ಈ ಅಜ್ಜಿ ಶಿಬಿರದಲ್ಲಿ 18 ವರ್ಷ ಇದ್ದರಂತೆ. ನನ್ನ ಪುಂಡಿಗೆ ಬದಲಾಗಿ ರಾಯೋ ಅಂತ ಒಂದು ಸಾಸಿವೆ ಸೊಪ್ಪು ಕೊಡುತ್ತಾರೆ. ಇಬ್ಬರಿಗೂ ಬರುವ ಅರೆಬರೆ ಹಿಂದಿಯಲ್ಲಿ ಒಂದು ಸಲ ಕೇಳಿದೆ, ಅಲ್ಲಿ ಏನು ಬೆಳೆಯುತ್ತಿದ್ದಿರಿ ಅಂತ. ಬಿದಿರಿನ ಗುಡಿಸಲು, ಒಂದಕ್ಕೊಂದು ಅಂಟಿಕೊಂಡು ಇದ್ದವಂತೆ, ಮಧ್ಯೆ ಎರಡು ಹೆಜ್ಜೆ ಜಾಗವಂತೆ. ಅಲ್ಲೇ ಕುಂಬಳದ ಬೀಜ ಹಾಕಿ ಬಳ್ಳಿಯನ್ನು ಮನೆ ಮೇಲೆ ಹತ್ತಿಸುತ್ತಿದ್ದರಂತೆ. ಅಜ್ಜಿ ಎರಡೂ ಕೈ ಮೇಲೆತ್ತಿ ಬಳ್ಳಿ ಹತ್ತಿದ್ದನ್ನು ತೋರಿಸಿದರು. ಇವತ್ತು ಹೋಗುತ್ತೇವೆ, ನಾಳೆ ಹೋಗುತ್ತೇವೆ ಅಂತ ಇದ್ದವರು ನೀವು, ಯಾಕೆ ಹಾಕಿದಿರಿ ಅಂತ ನಾನು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ನನ್ನ ಹಿಂದಿಯ ತಪ್ಪು ಅಂದುಕೊಂಡು ಇನ್ನೊಂದು ಸಲ ಕೇಳಿದೆ. "ಬಚ್ಚೇ ಥೇ ನಾ" ಅಂದರು. ಮಕ್ಕಳಿದ್ದರಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ನಮ್ಮ ಕಡೆಯವರಿಗೆ ಮಾತ್ರ ಇದರ ರುಚಿ ಗೊತ್ತಾಗುತ್ತದೆ. ಅವ್ವ ಬಂದಾಗ ನಮ್ಮ ಹುಲ್ಲಿನಲ್ಲಿ ಬೆಳೆದ ಡ್ಯಾಂಡಲಿಯನ್ ಗಿಡವನ್ನು ನೋಡಿ ಕುಕ್ಕರಗಾಲಲ್ಲಿ ಕೂತಳು. ಅಲ್ಲಿ ಅದನ್ನು ಕಳೆ ಅಂತ ಔಷಧಿ ಹೊಡೆದು ಕೊಲ್ಲುತ್ತಾರೆ. ಅವ್ವ ಒಂದು ಎಲೆ ಹರಿದಳು. ಹಲ್ಲು ಹಲ್ಲು ಅಂಚು, ಮುರಿದ ಕಡೆ ಬಿಳಿ ಹಾಲು. "ಇದು ನಮ್ಮ ಹಕ್ಕರಕಿ ಜಾತಿ ನೋಡು" ಅಂದಳು. ಆಮೇಲೆ ಹುಡುಕಿ ನೋಡಿದೆ. ನಿಜ, ಎರಡೂ ಸೂರ್ಯಕಾಂತಿಯ ಕುಟುಂಬದವು, ಹತ್ತಿರದ ಸಂಬಂಧ. ನಮ್ಮ ಹಿತ್ತಲಿಗೆ ಯಾರೂ ಔಷಧಿ ಹೊಡೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ತಿನ್ನಲು ಬಿಟ್ಟೆ. ಎಳೆಯ ಎಲೆ ತೊಳೆದು, ರೊಟ್ಟಿಯ ಜೊತೆ ಹಸಿಯಾಗಿ, ಶೇಂಗಾ ಚಟ್ನಿ ಮೊಸರು ಹಚ್ಚಿಕೊಂಡು ತಿಂದೆವು. ಹಕ್ಕರಕಿಗಿಂತ ಕಹಿ ಜಾಸ್ತಿ. ಆದರೂ ಅಪ್ಪ ಎರಡು ರೊಟ್ಟಿಗೆ ನಿಲ್ಲಿಸುವವರು ಅವತ್ತು ಮೂರು ತಿಂದರು.

ಮೂರು ತಿಂಗಳ ದೂರ

2022ರ ಬೇಸಿಗೆಯಲ್ಲಿ ನಾವು ಬಹಳ ಹತ್ತಿರ ಬಂದಿದ್ದೆವು. ಯಾವ ತಾರೀಖಿನ ತನಕದವರ ಸರದಿ ಬಂತು ಅಂತ ಹೇಳುವ ವೀಸಾ ಬುಲೆಟಿನ್ ಪ್ರತಿ ತಿಂಗಳು ಬರುತ್ತದೆ. ಅದರಲ್ಲಿ ಭಾರತದ ಇಬಿ-2, ಅಂದರೆ ನಾನು ನಿಂತ ಸಾಲಿನ ತಾರೀಖು ಓಡುತ್ತಾ ಓಡುತ್ತಾ 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತು. ನನ್ನದು 2015ರ ಮಾರ್ಚ್. ಮೂರೇ ತಿಂಗಳು. ಕಾಗದ ಪತ್ರ ಹೊಂದಿಸಿದೆವು. ನನ್ನ ಜನನ ಪ್ರಮಾಣಪತ್ರದ ಹೊಸ ಪ್ರತಿ ಬೇಕಾಗಿತ್ತು. ಅಪ್ಪ ಎರಡು ವಾರ ಕಚೇರಿಗೆ ಓಡಾಡಿ ತೆಗೆಸಿದರು, ಫೋಟೊ ಕಳಿಸಿದರು. ಹುಟ್ಟಿದ ಸ್ಥಳ ಅನ್ನುವ ಕಡೆ ಕಿಲ್ಲಾ ಓಣಿ, ಮನೆ ನಂಬರು. ಆ ಮನೆಯೂ ಇಲ್ಲ, ಆ ನಂಬರೂ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಘಟಪ್ರಭೆಯ ಹಿನ್ನೀರು ನಿಲ್ಲುತ್ತದೆ. ಆ ಕಾಗದ ಹಿಡಿದುಕೊಂಡು ನಾನು ಇನ್ನೊಂದು ದೇಶಕ್ಕೆ ನಾನು ಯಾರು ಅಂತ ಹೇಳಬೇಕಾಗಿತ್ತು.

ಅಕ್ಟೋಬರ್ ಬುಲೆಟಿನ್ ಬಂತು. ತಾರೀಖು 2012ರ ಏಪ್ರಿಲ್ 1ಕ್ಕೆ ಹಿಂದೆ ಸರಿದಿತ್ತು. ಡಿಸೆಂಬರ್ ಹೊತ್ತಿಗೆ 2011ರ ಅಕ್ಟೋಬರ್. ಮುಂದಿನ ವರ್ಷ 2011ರ ಜನವರಿ 1. ಮೂರು ತಿಂಗಳ ದೂರ ನಾಲ್ಕು ವರ್ಷದ ದೂರ ಆಯಿತು. ಆ ಸಂಜೆ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ನನ್ನವರು ಫೈಲನ್ನು ಎತ್ತಿ ಮೇಲಿನ ಕಪಾಟಿನಲ್ಲಿ ಇಟ್ಟರು.

ಆ ಶನಿವಾರ ಕರಿಬೇವನ್ನು ಒಳಗೆ ತರಬೇಕಾಗಿತ್ತು. ಅದನ್ನು ಒಬ್ಬ ತೆಲುಗು ಗೆಳತಿ 2015ರಲ್ಲಿ ಕೊಟ್ಟಿದ್ದಳು, ಎರಡೆಲೆಯ ಸಸಿ. ನನ್ನ ಅರ್ಜಿಯ ವಯಸ್ಸೇ ಅದಕ್ಕೂ. ಎಲೆ ಹಳದಿ ಆಗಿತ್ತು. ಬಕೆಟ್ ಉರುಳಿಸಿ ಎಳೆದರೆ ಬರಲಿಲ್ಲ. ಕೊನೆಗೆ ಗರಗಸದಿಂದ ಬಕೆಟನ್ನೇ ಕೊಯ್ದೆವು. ಒಳಗೆ ಮಣ್ಣೇ ಇರಲಿಲ್ಲ ಅನ್ನಬೇಕು. ಬರೀ ಬೇರು. ಬಕೆಟ್‌ನ ಗೋಡೆಗೆ ಅಂಟಿಕೊಂಡು ಸುತ್ತಿ ಸುತ್ತಿ, ಸಿಂಬಿಯ ಹಾಗೆ ಬಿಗಿದುಕೊಂಡಿತ್ತು. ತಳದಲ್ಲಿ ನೀರು ಹೋಗಲು ಕೊರೆದಿದ್ದ ತೂತುಗಳಲ್ಲಿ ಬಿಳಿ ಬೇರು ಹೊರಗೆ ಬಂದು, ಮಣ್ಣು ಸಿಗದೆ, ತಿರುಗಿ ಒಳಗೇ ಹೋಗಿತ್ತು. ಕೈಯಲ್ಲಿ ಬಿಡಿಸಲು ಆಗಲಿಲ್ಲ. ಚಾಕುವಿನಿಂದ ಸುತ್ತಲೂ ಎರಡು ಬೆರಳಿನಷ್ಟು ಕೊಯ್ದು ತೆಗೆದೆ. ಬೇರಿಗೂ ಕರಿಬೇವಿನ ವಾಸನೆ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮಗಳು ಬೇರಿನ ಒಂದು ತುಂಡು ಮೂಸಿ, "ಅಜ್ಜಿ ಕೈ ವಾಸನೆ" ಅಂದಳು.

ಕರಿಬೇವನ್ನು ನೆಲಕ್ಕೆ ಹಾಕಲು ಅಲ್ಲಿ ಸಾಧ್ಯವೇ ಇಲ್ಲ. ಓಹಾಯೋ ಚಳಿಗೆ ಒಂದು ರಾತ್ರಿಯಲ್ಲಿ ಸಾಯುತ್ತದೆ. ಅದು ಬಕೆಟ್‌ನಲ್ಲೇ ಇರಬೇಕು, ಪ್ರತಿ ವರ್ಷ ಒಳಗೆ ಹೊರಗೆ ಎತ್ತಬೇಕು. ಇದನ್ನೂ ಅವ್ವನಿಗೆ ಹೇಳಬೇಕಾಗಿತ್ತು, ಹೇಳಿರಲಿಲ್ಲ. ಎಲ್ಲವೂ ನನ್ನ ಅಂಜಿಕೆ ಅಲ್ಲ, ಕೆಲವು ಅಲ್ಲಿನ ಹವಾಮಾನ. ಆದರೆ ಮೆಂತೆಗೆ, ಬದನೆಗೆ ಆ ಕಾರಣ ಇರಲಿಲ್ಲ ಅಲ್ವಾ?

2023ರ ಏಪ್ರಿಲ್‌ನಲ್ಲಿ ಮನೆಯ ಮಾಲೀಕರ ಅನುಮತಿ ಕೇಳಿ ಹಿತ್ತಲಿನಲ್ಲಿ ಒಂದು ಉದ್ದದ ಗುಂಡಿ ತೋಡಿದೆವು. ಆಸ್ಪರಾಗಸ್ ಹಾಕಿದೆವು. ನಮ್ಮ ಶತಾವರಿಯ ಜಾತಿಯದು, ಚಿಗುರನ್ನು ತರಕಾರಿಯಾಗಿ ತಿನ್ನುತ್ತಾರೆ. ಒಣಗಿದ ಜೇಡನ ಹಾಗೆ ಕಾಣುವ ಬೇರಿನ ಗಡ್ಡೆಗಳು ಸಿಗುತ್ತವೆ, ಅವನ್ನು ಕಾಲು ಚಾಚಿಸಿ ಮಲಗಿಸಿ ಮಣ್ಣು ಮುಚ್ಚಬೇಕು. ಮೊದಲ ಎರಡು ವರ್ಷ ಒಂದು ಚಿಗುರನ್ನೂ ಕೀಳಬಾರದು. ಮೂರನೇ ವರ್ಷದಿಂದ ಕೊಯ್ಯಬಹುದು. ಆಮೇಲೆ ಹದಿನೈದು ವರ್ಷಕ್ಕೂ ಜಾಸ್ತಿ ಕೊಡುತ್ತಾ ಇರುತ್ತದೆ. ವರ್ಷ ವರ್ಷ ಕರಾರು ಬರೆಯುವ ಬಾಡಿಗೆ ಮನೆಯಲ್ಲಿ ಇದನ್ನು ಹಾಕುವಾಗ ನನ್ನವರು ಏನೂ ಅನ್ನಲಿಲ್ಲ. ಗುಂಡಿಯ ಇನ್ನೊಂದು ತುದಿಯಿಂದ ಅವರೂ ತೋಡುತ್ತಾ ಬಂದರು.

ಅಪ್ಪನ ನೋಟ್‌ಬುಕ್

ಅಪ್ಪನ ಹತ್ತಿರ ಉದ್ದದ ರಟ್ಟಿನ ನೋಟ್‌ಬುಕ್ ಇವೆ, ಏಳೋ ಎಂಟೋ. ಮಳೆಗಾಲದಲ್ಲಿ ಪೇಪರಿನಲ್ಲಿ ಬರುವ ಆಲಮಟ್ಟಿಯ ಲೆಕ್ಕವನ್ನು ಅವರು ಬರೆದಿಡುತ್ತಾರೆ. ದಿನಾಂಕ, ನೀರಿನ ಮಟ್ಟ, ಒಳಹರಿವು, ಹೊರಹರಿವು, ಹೀಗೆ ನಾಲ್ಕು ಗೆರೆ. ಮನೆ ಬಿಟ್ಟು 23 ವರ್ಷ ಆಯಿತು, ಆದರೂ ನಿಲ್ಲಿಸಿಲ್ಲ. ಯಾಕೆ ಅಂತ ನಾನು ಕೇಳಿಲ್ಲ.

ನನ್ನ ಸಾಲಿನ ಲೆಕ್ಕವನ್ನೂ ಅವರು ಅಣೆಕಟ್ಟಿನ ಭಾಷೆಯಲ್ಲೇ ಅರ್ಥ ಮಾಡಿಕೊಂಡಿದ್ದಾರೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ 1,40,000. ಇದು 1990ರ ಕಾನೂನು. ಒಂದು ದೇಶದವರಿಗೆ ಅದರಲ್ಲಿ 7% ಮಿತಿ. ನಮ್ಮ ಇಬಿ-2 ಸಾಲಿಗೆ ಲೆಕ್ಕ ಹಾಕಿದರೆ ಭಾರತಕ್ಕೆ ಸುಮಾರು 2,800. ಅದರಲ್ಲೇ ಗಂಡ, ಹೆಂಡತಿ, ಮಕ್ಕಳನ್ನೂ ಎಣಿಸುತ್ತಾರೆ. ಬೇರೆಯವರು ಬಳಸದೆ ಬಿಟ್ಟಿದ್ದು ಏನಾದರೂ ಇದ್ದರೆ ಆ ವರ್ಷ ಮೇಲಷ್ಟು. ಇದನ್ನೆಲ್ಲಾ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣೆಕಟ್ಟಿಗೆ 26 ಗೇಟು ಅದಾವು. ನಿಮಗ ಒಂದ ಗೇಟು, ಅದೂ ನಾಕು ಬೆರಳು ತಗದಾರ" ಅಂದಿದ್ದರು. ವಕೀಲರು ಅರ್ಧ ತಾಸು ಹೇಳಿದ್ದಕ್ಕಿಂತ ಇದು ನನಗೆ ಸರಿಯಾಗಿ ತಿಳಿಯಿತು. 2034ಕ್ಕೆ ಮಗಳಿಗೆ 21 ತುಂಬುತ್ತದೆ, ಆಗ ಅವಳೇ ತಂದೆ ತಾಯಿಗೆ ಅರ್ಜಿ ಹಾಕಬಹುದು ಅಂತಲೂ ಹೇಳಿದ್ದೇನೆ. ಅದನ್ನೂ ಬರೆದುಕೊಂಡಿದ್ದಾರೆ.

ನಿನ್ನೆ ಸಂಜೆ ಜೂನ್ ತಿಂಗಳ ಬುಲೆಟಿನ್ ನೋಡಲು ಮಾಳಿಗೆ ಮೇಲೆ ಫೋನ್ ತೆಗೆದೆ. ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಪ್ಪ ನೋಟ್‌ಬುಕ್, ಪೆನ್ನು ಹಿಡಿದು ಹಿಂದೆಯೇ ಹತ್ತಿ ಬಂದರು. ಕೊನೆಯ ಹಾಳೆಗಳಲ್ಲಿ ನನ್ನ ತಾರೀಖುಗಳ ಪಟ್ಟಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ತಿಂಗಳಿಗೊಮ್ಮೆ ಫೋನಿನಲ್ಲಿ ಹೇಳಿದ್ದೆಲ್ಲ ಅಲ್ಲಿತ್ತು. 2022ರ ಆ ಅಕ್ಟೋಬರ್ ಕೂಡ. ಅದೇ ನಾಲ್ಕು ಗೆರೆ ಎಳೆದಿದ್ದರು, ಎರಡು ಮಾತ್ರ ತುಂಬಿದ್ದವು.

"ಎಷ್ಟೈತವಾ?"

"2013, ಜನವರಿ 1."

"ಹ್ವಾದ ತಿಂಗಳ?"

"ಅದ ಐತಿ."

ಮೇಲಿನ ಸಾಲಿನಲ್ಲಿ ಅದೇ ತಾರೀಖು ಇದ್ದರೂ ಅವರು ಪೂರ್ತಿ ಬರೆದರು, ನಿಧಾನಕ್ಕೆ, ಒಂದೊಂದೇ ಅಂಕಿ.

ಅಷ್ಟರಲ್ಲಿ ನನ್ನವರು ಒಂದು ಫೋಟೊ ಕಳಿಸಿದರು. ಅಲ್ಲಿ ಬೆಳಗಿನ ಹೊತ್ತು. ಮಗಳ ಅಂಗೈ ಮೇಲೆ ಆಸ್ಪರಾಗಸ್ ಚಿಗುರುಗಳು, ಬುಡದಲ್ಲಿ ಇನ್ನೂ ಮಣ್ಣು. ಮೂರನೇ ವರ್ಷದ ಮೊದಲ ಕೊಯ್ಲು, ನಾನು ಇಲ್ಲದಾಗಲೇ ಆಯಿತು. ಒಣಗಿದ ಬಟ್ಟೆ ತೆಗೆಯಲು ಬಂದ ಅವ್ವನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿದಳು. "ಏನಿದು, ಬರೇ ಕೋಲು" ಅಂದಳು. ಆಮೇಲೆ, "ನೆಲದಾಗ ಹಚ್ಚೀಯೇನು?"

"ಹೂಂ, ನೆಲದಾಗ."

"ಶೇಂಗಾ ಪುಡಿ ಹಾಕಿ ಪಲ್ಯ ಮಾಡ್ಯಾರೇನು ಕೇಳು" ಅಂತ ಹೇಳಿ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಇಳಿದು ಹೋದಳು.

ಅಪ್ಪ ಇನ್ನೂ ಪೆನ್ನಿನ ಮುಚ್ಚಳ ಹಾಕಿರಲಿಲ್ಲ. "ಎಷ್ಟು ಬಂದಾವು?" ಅಂತ ಕೇಳಿದರು.

ಫೋಟೊ ದೊಡ್ಡದು ಮಾಡಿ ಎಣಿಸಿದೆ. "ಹನ್ನೊಂದು."

ಅಪ್ಪ ನೋಟ್‌ಬುಕ್ಕನ್ನು ತೊಡೆ ಮೇಲೆ ಸರಿ ಮಾಡಿಕೊಂಡು, ಒಳಹರಿವಿನ ಗೆರೆಯ ಕೆಳಗೆ 11 ಅಂತ ಬರೆದರು.